ಎನಾಮಲ್ ತಂತಿಯ ಬೆಸುಗೆ: ಧ್ವನಿಮುದ್ರಿಕೆಗಳನ್ನು ಉಪಯೋಗಿಸುವ ಇತಿಹಾಸಾಭ್ಯಾಸಿಗಳಿಗೆ ಕೆಲವು ಸೂಚನೆಗಳು

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ತಂತಿ, ತವರ, ಬೆಸುಗೆಗೋಲುಗಳ ವಿಚಾರವು ಏಕೆ ಬಂದಿತೆಂದು ವಾಚಕರು ಕೇಳುವುದು ಸಹಜವೇ ಆಗಿದೆ. ಉತ್ತರವನ್ನು ನಮಗೆಲ್ಲ ಪರಿಚಿತವಾದ ಒಂದು ಉದಾಹರಣೆಯಿಂದ ಆರಂಭಿಸುವುದು ಯುಕ್ತ. ಶಿಲಾಶಾಸನದ ಪಡಿಯಚ್ಚನ್ನು ತೆಗೆಯುವವರು ಮೊದಲು ಕಲ್ಲನ್ನು ಚೆನ್ನಾಗಿ ತೊಳೆದು, ಒದ್ದೆಯಾದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ತಟ್ಟಿ, ಅನಂತರ ಮಸಿಯನ್ನು ಹಚ್ಚುತ್ತಾರೆ. ಅಕ್ಷರದ ಗೆರೆಯೊಳಗೆ ಪಾಚಿಯೋ ಸುಣ್ಣವೋ ಉಳಿದುಹೋಗಿದ್ದರೆ ಅಲ್ಲಿ ಕಾಗದವು ಒಳಕ್ಕೆ ಇಳಿಯುವುದಿಲ್ಲ; ಕಲ್ಲಿನಲ್ಲಿರುವ ಅಕ್ಷರವು ಪಡಿಯಚ್ಚಿನಲ್ಲಿ ಕಾಣದೆ ಹೋಗುತ್ತದೆ. ಪಡಿಯಚ್ಚನ್ನು ಮಾತ್ರ ನೋಡಿದ ವಿದ್ವಾಂಸರು ಇಲ್ಲಿ ಅಕ್ಷರ ನಶಿಸಿದೆ ಎಂದು ಬರೆದುಕೊಳ್ಳುತ್ತಾರೆ. ಆದಕಾರಣವೇ ಶಾಸನಾಭ್ಯಾಸಿಗಳು ಲಿಪಿಜ್ಞಾನದೊಡನೆ ಪಡಿಯಚ್ಚಿನ ಕ್ರಮವನ್ನೂ ತಿಳಿದಿರಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇವೆ.

ಧ್ವನಿಮುದ್ರಿಕೆಗಳನ್ನು ಆಧಾರವಾಗಿಟ್ಟುಕೊಂಡು ಕೆಲಸಮಾಡುವವರಿಗೂ ಇಂಥದೇ ಅಪಾಯವುಂಟು. ಫಿಲಿಪ್ಸ್ ಸಂಸ್ಥೆಯವರು 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದ ಮೇಲೆ, ಕಡಮೆ ವೆಚ್ಚದಲ್ಲಿ ಹಳ್ಳಿಹಳ್ಳಿಗೂ ಹೋಗಿ ವೃದ್ಧರ ನೆನಪುಗಳನ್ನು ಮುದ್ರಿಸಿಕೊಳ್ಳುವುದು ಸಾಧ್ಯವಾಯಿತು. ಹಾಗೆ ಸಂಗ್ರಹವಾದ ಪಟ್ಟಿಗಳು ಈಗ ಹಳೆಯವಾಗಿವೆ. ಅವುಗಳಲ್ಲಿ ಮಾತನಾಡಿದವರು ಬಹುಪಾಲು ಗತಿಸಿದ್ದಾರೆ. ಪಟ್ಟಿಗಳು ಸಂಪೂರ್ಣ ಕೆಡುವುದಕ್ಕೆ ಮೊದಲೇ ಅವುಗಳಲ್ಲಿನ ಧ್ವನಿಯನ್ನು ಗಣಕಯಂತ್ರಕ್ಕೆ ವರ್ಗಾಯಿಸಬೇಕಾಗಿದೆ. ಆ ವರ್ಗಾವಣೆಯ ಹಾದಿಯಲ್ಲಿ, ಹಳೆಯ ಯಂತ್ರಕ್ಕೂ ಹೊಸ ಯಂತ್ರಕ್ಕೂ ನಡುವೆ, ಒಂದು ಕೇಬಲ್ಲಿರುತ್ತದೆ. ಅದರ ಬೆಸುಗೆ ಕೆಟ್ಟದಾಗಿದ್ದರೆ ಆ ದೋಷವೂ ದಾಖಲೆಯೊಳಗೆ ಸೇರಿಹೋಗುತ್ತದೆ.

ಇದು ನಮ್ಮ ಕಲ್ಪನೆಯಲ್ಲ. ನಮ್ಮ ಕೈಯಿಂದಲೇ ನಡೆದ ತಪ್ಪು. ಶರಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಅನೇಕ ಊರುಗಳು ಮುಳುಗಿದುವು. ಹಾಗೆ ಊರು ಬಿಟ್ಟು ಬಂದ ವೃದ್ಧೆಯೊಬ್ಬರ ಮಾತುಗಳನ್ನು 1980ರ ದಶಕದಲ್ಲಿ ಮುದ್ರಿಸಿದ್ದ ಒಂದು ಕ್ಯಾಸೆಟ್ಟನ್ನು ನಾವು ವರ್ಗಾಯಿಸುತ್ತಿದ್ದೆವು. ಮನೆಯಲ್ಲಿ ಬಿಟ್ಟುಬಂದುದೇನೆಂದು ಕೇಳಿದಾಗ ಆಕೆ ಐದಾರು ಸೆಕೆಂಡುಗಳ ಕಾಲ ಏನನ್ನೂ ಹೇಳದೆ, ಬಳಿಕ "ಅಷ್ಟೆ" ಎಂದು ಮುಗಿಸಿದಂತೆ ಕೇಳಿಬಂದಿತು. ನಾವು ಲಿಖಿತ ಪ್ರತಿಯಲ್ಲಿ "ದೀರ್ಘ ಮೌನ" ಎಂದು ಗುರುತುಹಾಕಿದೆವು. ಆ ಮೌನದ ಅರ್ಥವೇನೆಂಬುದನ್ನು ಕುರಿತು ಒಂದು ಪುಟವನ್ನು ಬರೆದೂ ಇದ್ದೆವು. ಕೆಲವು ದಿನಗಳ ಮೇಲೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಆ ಭಾಗವನ್ನು ಮತ್ತೆ ಕೇಳಿ, ಮೌನದ ಹೊತ್ತಿನಲ್ಲಿ ಪಟ್ಟಿಯ ಸಹಜವಾದ "ಸ್ಸ್" ಎಂಬ ಸದ್ದೂ ಇಲ್ಲವಲ್ಲ ಎಂದು ತೋರಿಸಿದಳು. ಬೇರೊಂದು ಕೇಬಲನ್ನು ಹಾಕಿ ಮತ್ತೆ ನುಡಿಸಿದೆವು. ಆಕೆ ಸುಮ್ಮನಿರಲಿಲ್ಲ. ತೋಟದಲ್ಲಿದ್ದ ಅಡಕೆಯ ಮರಗಳಲ್ಲಿ ಫಲ ಬಿಡುವವು ಎಷ್ಟು, ಎಳೆಯ ಸಸಿಗಳು ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಎಣಿಸಿ ಹೇಳಿದ್ದರು. ಪರಿಹಾರದ ಲೆಕ್ಕವನ್ನು ಪರಿಶೀಲಿಸುವವರಿಗೆ ಅದಕ್ಕಿಂತ ಉಪಯುಕ್ತವಾದ ಮಾತು ಆ ಕ್ಯಾಸೆಟ್ಟಿನಲ್ಲಿ ಬೇರೆ ಇರಲಿಲ್ಲ. ನಾವು ದುಃಖವೆಂದು ವ್ಯಾಖ್ಯಾನಿಸಿದ್ದು ನಾವೇ ಮಾಡಿದ ಕೇಬಲ್ಲಿನ ಒಂದು ಹುಸಿ ಬೆಸುಗೆಯನ್ನು.

ಆ ಕೇಬಲ್ಲನ್ನು ಎನಾಮಲ್ ತಂತಿಯಿಂದ ಮಾಡಿದ್ದೆವು. ಈ ಬಗೆಯ ತಂತಿಯ ಬೆಸುಗೆ ಏಕೆ ಮೋಸಗೊಳಿಸುತ್ತದೆ, ಅದನ್ನು ಕ್ರಮವಾಗಿ ಮಾಡುವುದು ಹೇಗೆ, ಮಾಡಿದ ಮೇಲೆ ಪರೀಕ್ಷಿಸುವುದು ಹೇಗೆ ಎಂಬುದನ್ನು ಮುಂದೆ ವಿವರಿಸುತ್ತೇವೆ.

1. ಹೊದಿಕೆಯ ಪೂರ್ವೇತಿಹಾಸ

ವಿದ್ಯುತ್ತಿನ ತಂತಿಗೆ ಹೊದಿಕೆ ಬೇಕೆಂಬುದು ಮೊದಲಿನಿಂದಲೂ ತಿಳಿದಿದ್ದ ಸಂಗತಿಯಲ್ಲ. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1825ರಲ್ಲಿ ತನ್ನ ವಿದ್ಯುತ್ಕಾಂತವನ್ನು ಪ್ರದರ್ಶಿಸಿದಾಗ ಕಬ್ಬಿಣದ ಕಂಬಿಗೆ ವಾರ್ನಿಷ್ ಹಚ್ಚಿ, ಅದರ ಮೇಲೆ ಬರಿಯ ತಾಮ್ರದ ತಂತಿಯನ್ನು ಸುತ್ತಿದ್ದನು. ಸುತ್ತುಗಳು ಪರಸ್ಪರ ತಾಗದಂತೆ ವಿರಳವಾಗಿ ಇರಿಸಬೇಕಾಗಿತ್ತು. ಅಮೆರಿಕದ ಆಲ್ಬನಿಯಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಹೆನ್ರಿ ಹೊದಿಕೆಯನ್ನು ಕಬ್ಬಿಣಕ್ಕೆ ಬದಲಾಗಿ ತಂತಿಗೇ ತೊಡಿಸಿದನು. ರೇಷ್ಮೆಯನ್ನು ಸುತ್ತಿದ ತಂತಿಯನ್ನು ಒತ್ತೊತ್ತಾಗಿ ಅನೇಕ ಪದರಗಳಲ್ಲಿ ಸುತ್ತುವುದು ಸಾಧ್ಯವಾದುದರಿಂದ ಆತನ ಕಾಂತಗಳ ಶಕ್ತಿ ಬಹಳವಾಗಿ ಹೆಚ್ಚಿತು. ಮೈಕೇಲ್ ಫ್ಯಾರಡೆ 1831ರಲ್ಲಿ ವಿದ್ಯುತ್ಪ್ರೇರಣೆಯನ್ನು ಕಂಡುಹಿಡಿದ ಉಂಗುರದಲ್ಲಿಯೂ ತಾಮ್ರದ ಸುತ್ತುಗಳ ನಡುವೆ ಹುರಿಯನ್ನೂ ಹತ್ತಿಬಟ್ಟೆಯನ್ನೂ ಇಟ್ಟಿದ್ದನು.

ಹತ್ತಿಯ ಮತ್ತು ರೇಷ್ಮೆಯ ಹೊದಿಕೆಗಳಿಗೆ ಎರಡು ಕೊರತೆಗಳಿದ್ದುವು. ಅವು ದಪ್ಪನಾಗಿದ್ದುದರಿಂದ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತಿದ್ದುವು, ತೇವವನ್ನು ಹೀರಿಕೊಳ್ಳುತ್ತಿದ್ದುವು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ, ಒಣಗುವ ಎಣ್ಣೆಗಳಿಂದ ತಯಾರಿಸಿದ ವಾರ್ನಿಷನ್ನು ತಂತಿಯ ಮೇಲೆ ತೆಳುವಾಗಿ ಹಚ್ಚಿ ಬೇಯಿಸುವ ಕ್ರಮವು ಬಳಕೆಗೆ ಬಂದಿತು. ಇದೇ ಎನಾಮಲ್ ತಂತಿ. 1930ರ ದಶಕದ ಕೊನೆಗೆ ಎಣ್ಣೆಯ ವಾರ್ನಿಷಿನ ಸ್ಥಾನದಲ್ಲಿ ಕೃತಕ ರಾಳಗಳು ಬರತೊಡಗಿದುವು. ಜರ್ಮನಿಯಲ್ಲಿ ಆಟೊ ಬಾಯರ್ ಮತ್ತು ಆತನ ಸಹೋದ್ಯೋಗಿಗಳು 1937ರಲ್ಲಿ ಕಂಡುಹಿಡಿದ ಪಾಲಿಯುರಿಥೇನ್ ಎಂಬ ವಸ್ತುವು ಮುಂದೆ ತಂತಿಯ ಹೊದಿಕೆಯಾಗಿಯೂ ಬಳಕೆಗೆ ಬಂದಿತು. ಅದರ ವಿಶೇಷ ಗುಣವೇನೆಂದರೆ, ಬೆಸುಗೆಯ ಶಾಖಕ್ಕೆ ತಾನೇ ಒಡೆದು ಸರಿದುಹೋಗುವುದು. ಇದಕ್ಕೆ ವಿರುದ್ಧವಾಗಿ 1960ರ ದಶಕದಲ್ಲಿ ಬಂದ ಪಾಲಿಇಮೈಡ್ ಹೊದಿಕೆಯು ಬೆಸುಗೆಗೋಲಿನ ಶಾಖಕ್ಕೆ ಸ್ವಲ್ಪವೂ ಜಗ್ಗುವುದಿಲ್ಲ. ಕಣ್ಣಿಗೆ ಮಾತ್ರ ಎರಡೂ ಹೆಚ್ಚುಕಡಮೆ ಒಂದೇ ಬಗೆಯಾಗಿ, ತಾಮ್ರದ ಅಥವಾ ಜೇನಿನ ಬಣ್ಣವಾಗಿ ಕಾಣುತ್ತವೆ. ತೊಡಕಿನ ಮೂಲವೇ ಇದು. ಪ್ಲಾಸ್ಟಿಕ್ ಹೊದಿಕೆಯ ತಂತಿಯಲ್ಲಿ ಸಿಪ್ಪೆ ಸುಲಿದಿದೆಯೇ ಇಲ್ಲವೇ ಎಂಬುದು ಯಾರಿಗೂ ಕಾಣುತ್ತದೆ. ಎನಾಮಲ್ ತಂತಿಯಲ್ಲಿ ಸುಲಿದ ಭಾಗಕ್ಕೂ ಸುಲಿಯದ ಭಾಗಕ್ಕೂ ಇರುವ ಭೇದವು ಎಚ್ಚರದಿಂದ ನೋಡುವವರಿಗೆ ಮಾತ್ರ ಕಾಣುತ್ತದೆ.

2. ಕೇಬಲ್ಲಿಗೆ ಈ ತಂತಿ ಏಕೆ

ಸಿದ್ಧವಾದ ಕೇಬಲುಗಳು ಅಂಗಡಿಗಳಲ್ಲಿ ದೊರೆಯುತ್ತಿರುವಾಗ ಈ ಶ್ರಮವೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಹಳೆಯ ಧ್ವನಿಮುದ್ರಕಗಳಲ್ಲಿ ಅನೇಕಕ್ಕೆ ಡಿಐಎನ್ ಮಾದರಿಯ ಐದು ಮೊಳೆಗಳ ಗೂಡು ಇರುತ್ತದೆ. ಇದಕ್ಕೆ ತಕ್ಕ ಕೇಬಲ್ ನಮ್ಮ ಊರುಗಳಲ್ಲಿ ಸುಲಭವಾಗಿ ಸಿಕ್ಕುವುದಿಲ್ಲವಾದುದರಿಂದ ನಾವೇ ಮಾಡಿಕೊಳ್ಳಬೇಕಾಗುತ್ತದೆ. ಇಂಥ ಮುದ್ರಕದಲ್ಲಿ ಎರಡನೆಯ ಮೊಳೆಯು ಭೂಸಂಪರ್ಕ. ಮೂರನೆಯದೂ ಐದನೆಯದೂ ಧ್ವನಿ ಹೊರಬರುವ ದಾರಿಗಳು. ಒಂದನೆಯದೂ ನಾಲ್ಕನೆಯದೂ ಒಳಹೋಗುವ ದಾರಿಗಳು. ಮೊಳೆಗಳು ಗೂಡಿನಲ್ಲಿ 1, 4, 2, 5, 3 ಎಂಬ ಕ್ರಮದಲ್ಲಿ ಕುಳಿತಿರುತ್ತವೆ ಎಂಬುದನ್ನು ಮರೆಯಬಾರದು. ಇನ್ನು ಎನಾಮಲ್ ತಂತಿಯಾದರೋ ಭೌತಶಾಸ್ತ್ರ ಪ್ರಯೋಗಶಾಲೆಗಳಲ್ಲಿ ಸುರುಳಿಗಳಿಗಾಗಿ ಇಟ್ಟಿರುವುದೇ ಸಿಕ್ಕುತ್ತದೆ. ತೆಳುವಾಗಿದ್ದು ಇಕ್ಕಟ್ಟಾದ ಪ್ಲಗ್ಗಿನೊಳಗೆ ಹಿಡಿಯುತ್ತದೆ. ವಿದ್ಯಾರ್ಥಿಗಳೆಲ್ಲರೂ ಬಳಸುವ ಇಯರ್‌ಫೋನುಗಳ ಒಳಗಿರುವ ಕೆಂಪು, ಹಸುರು, ತಾಮ್ರವರ್ಣದ ಸಣ್ಣ ಎಳೆಗಳೂ ಸಾಮಾನ್ಯವಾಗಿ ಎನಾಮಲ್ ಲೇಪದವೇ. ಆ ಬಣ್ಣವು ಲೇಪದ ಬಣ್ಣವೆಂಬುದನ್ನು ಅರಿಯದೆ ನೇರವಾಗಿ ತಿರುಚಿ ಜೋಡಿಸಿ, ಸದ್ದು ಬರಲಿಲ್ಲವೆಂದು ಎಸೆದವರು ನಮ್ಮಲ್ಲಿ ಬಹುಮಂದಿ ಇರಬೇಕು.

ಈ ತಂತಿಯಿಂದ ಧ್ವನಿಯು ವಿಶೇಷವಾಗಿ ಸುಧಾರಿಸುತ್ತದೆಂಬ ಮಾತನ್ನು ಮಾತ್ರ ನಾವು ಒಪ್ಪಲಾರೆವು. ಕಂಪನಸಂಖ್ಯೆ ಏರಿದಂತೆ ವಿದ್ಯುತ್ತು ತಂತಿಯ ಹೊರಮೈಗೆ ಸರಿಯುವುದು ನಿಜ. ಆದರೆ ಮನುಷ್ಯನ ಕಿವಿಗೆ ಕೇಳುವ ಮೇಲಿನ ಮಿತಿಯಾದ 20,000 ಹರ್ಟ್ಸ್‌ನಲ್ಲಿ ಕೂಡ ತಾಮ್ರದೊಳಕ್ಕೆ ಅದು ಸುಮಾರು 0.47 ಮಿಲಿಮೀಟರಿನಷ್ಟು ಆಳಕ್ಕೆ ಹರಡಿರುತ್ತದೆ. ಕಾಲು ಮಿಲಿಮೀಟರ್ ವ್ಯಾಸದ ತಂತಿಯಲ್ಲಿ ಈ ವಿದ್ಯಮಾನಕ್ಕೆ ಎಡೆಯೇ ಇಲ್ಲ. ಉತ್ತಮ ಕೇಬಲ್ ಮಾಡುವುದೆಂದರೆ ಉತ್ತಮವಾದ ಸಂಪರ್ಕವನ್ನು ಮಾಡುವುದು, ಅಷ್ಟೆ.

0.25 ಮಿಲಿಮೀಟರ್ ವ್ಯಾಸದ ತಾಮ್ರದ ತಂತಿಯ ವಿದ್ಯುದ್ರೋಧವು ಮೀಟರಿಗೆ ಸುಮಾರು 0.35 ಓಮ್ ಆಗುತ್ತದೆ. ಧ್ವನಿಮುದ್ರಕದಿಂದ ಗಣಕಯಂತ್ರದ ಕಡೆಗೆ ಹೋಗುವ ಸಂಕೇತಕ್ಕೆ ಎದುರಿನಲ್ಲಿರುವ ರೋಧವು ಸಾಮಾನ್ಯವಾಗಿ ಹತ್ತು ಸಾವಿರ ಓಮುಗಳು, ಅಥವಾ ಅದಕ್ಕೂ ಹೆಚ್ಚು. ಅದರ ಮುಂದೆ ಒಂದೂವರೆ ಮೀಟರ್ ತಂತಿಯ ಅರ್ಧ ಓಮ್ ಗಣನೆಗೆ ಬಾರದು. ಆದರೆ ಇದೇ ತಂತಿಯನ್ನು 8 ಓಮಿನ ಧ್ವನಿವರ್ಧಕಕ್ಕೆ ಮೂರು ಮೀಟರ್ ದೂರ ಎಳೆದರೆ, ಹೋಗುವ ಬರುವ ದಾರಿಗಳೆರಡೂ ಸೇರಿ ಎರಡು ಓಮುಗಳಿಗಿಂತ ಹೆಚ್ಚು ರೋಧವಾಗುತ್ತದೆ. ಶಕ್ತಿಯ ಗಣನೀಯ ಭಾಗವು ತಂತಿಯಲ್ಲಿಯೇ ನಷ್ಟವಾಗುತ್ತದೆ. ಆದಕಾರಣ ತೆಳುವಾದ ಎನಾಮಲ್ ತಂತಿಯು ಯಂತ್ರದಿಂದ ಯಂತ್ರಕ್ಕೆ ಹೋಗುವ ಕೇಬಲ್ಲಿಗೆ ಯೋಗ್ಯವೇ ಹೊರತು ಧ್ವನಿವರ್ಧಕಕ್ಕೆ ಯೋಗ್ಯವಲ್ಲ.

3. ಲೇಪವನ್ನು ತೆಗೆಯುವ ಕ್ರಮ

ಮೊದಲು ತಂತಿಯ ಜಾತಿಯನ್ನು ಪರೀಕ್ಷಿಸಬೇಕು. ಒಂದು ಅಂಗುಲದಷ್ಟು ತುಣುಕನ್ನು ಹೊಸದಾಗಿ ಕತ್ತರಿಸಿ, ಸುಮಾರು 380 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರುವ ಬೆಸುಗೆಗೋಲಿನ ತುದಿಯಲ್ಲಿ ಒಂದು ದಪ್ಪ ಹನಿ ಬೆಸುಗೆಲೋಹವನ್ನು ಕರಗಿಸಿಟ್ಟುಕೊಂಡು, ಕತ್ತರಿಸಿದ ತುದಿಯನ್ನು ಆ ಹನಿಯೊಳಗೆ ಅದ್ದಬೇಕು. ಕತ್ತರಿಸಿದ ಸ್ಥಳದಲ್ಲಿ ಬರಿಯ ತಾಮ್ರವು ತೆರೆದಿರುವುದರಿಂದ ಶಾಖವು ಅಲ್ಲಿಂದ ಒಳನುಗ್ಗಿ ಲೇಪವನ್ನು ಅಂಚಿನಿಂದ ಒಡೆಯುತ್ತದೆ. ಕೆಲವು ಸೆಕೆಂಡುಗಳಲ್ಲಿ ಸಣ್ಣಗೆ ಹೊಗೆಯೆದ್ದು, ತಂತಿಯು ಬೆಳ್ಳಿಯಂತೆ ಬೆಳ್ಳಗಾದರೆ ಅದು ಪಾಲಿಯುರಿಥೇನ್ ಜಾತಿಯದು, ಕೆರೆಯುವ ಅವಶ್ಯಕತೆಯಿಲ್ಲ. ಲೋಹವು ಎಲೆಯ ಮೇಲಿನ ನೀರಿನಂತೆ ಜಾರಿಹೋದರೆ ಲೇಪವನ್ನು ಕೈಯಿಂದಲೇ ತೆಗೆಯಬೇಕು.

ಕೈಯಿಂದ ತೆಗೆಯುವುದಕ್ಕೆ 400ರಿಂದ 600ನೆಯ ಅಂಕದ ನುಣುಪಾದ ಮರಳುಕಾಗದವು ಯುಕ್ತ. ಅದನ್ನು ಮಡಿಸಿ, ತಂತಿಯನ್ನು ಮಡಿಕೆಯ ನಡುವೆ ಮೆತ್ತಗೆ ಹಿಡಿದು, ತುದಿಯ ಕಡೆಗೆ ಎಳೆಯಬೇಕು. ಪ್ರತಿ ಎಳೆತಕ್ಕೂ ತಂತಿಯನ್ನು ಸ್ವಲ್ಪ ತಿರುಗಿಸಬೇಕು. ಎರಡು ಬದಿಗಳನ್ನು ಮಾತ್ರ ಉಜ್ಜಿ ನಿಲ್ಲಿಸುವುದು ಸಾಮಾನ್ಯವಾದ ತಪ್ಪು. ಲೇಪವಿರುವ ಭಾಗವು ಗಾಜಿನಂತೆ ಹೊಳೆಯುತ್ತದೆ. ಲೇಪ ಹೋದ ಭಾಗವು ಗುಲಾಬಿ ಛಾಯೆಯಿಂದ ಕೂಡಿ ಸ್ವಲ್ಪ ಮಬ್ಬಾಗಿರುತ್ತದೆ. ಭೂತಗನ್ನಡಿಯಿಂದ ಸುತ್ತಲೂ ನೋಡುವುದು ಉತ್ತಮ. ಬ್ಲೇಡಿನಿಂದ ಕೆರೆಯುವವರು ತಾಮ್ರಕ್ಕೆ ಗಾಯ ಮಾಡುತ್ತಾರೆ. ಬಾಗಿದಾಗ ತಂತಿಯು ಆ ಗಾಯದಲ್ಲಿಯೇ ಮುರಿಯುತ್ತದೆ, ಅದೂ ಅನೇಕ ದಿನಗಳ ಮೇಲೆ.

ಬೆಂಕಿಯಲ್ಲಿ ಸುಡುವ ಪದ್ಧತಿಯೂ ಉಂಟು. ಇದರಿಂದ ಲೇಪವು ಕರಿಯಾಗಿ ಉಳಿಯುತ್ತದೆ, ತಾಮ್ರದ ಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ, ತಂತಿ ಮೆದುವಾಗುತ್ತದೆ. ಆಸ್ಪಿರಿನ್ ಗುಳಿಗೆಯ ಮೇಲೆ ತಂತಿಯನ್ನಿಟ್ಟು ಕಾದ ಕೋಲಿನಿಂದ ಒತ್ತುವ ಉಪಾಯವನ್ನು ಹವ್ಯಾಸಿ ರೇಡಿಯೋಕಾರರು ಬಹಳ ಕಾಲದಿಂದ ಬಲ್ಲರು. ಅದು ಫಲಕಾರಿಯೇ ಆದರೂ, ಮೂಗನ್ನು ಸುಡುವ ಹೊಗೆಯನ್ನೂ ತಾಮ್ರವನ್ನು ತಿನ್ನುವ ಆಮ್ಲದ ಶೇಷವನ್ನೂ ಬಿಟ್ಟುಹೋಗುವುದರಿಂದ ನಾವು ಅದನ್ನು ಅನುಮೋದಿಸುವುದಿಲ್ಲ.

4. ಕಲಾಯಿ ಮತ್ತು ಬೆಸುಗೆ

ಲೇಪ ಹೋದ ಕೂಡಲೇ ತುದಿಗೆ ತವರದ ಕಲಾಯಿಯನ್ನು ಮಾಡಬೇಕು. ಇಲ್ಲಿ ಕಲಾಯಿ ಎಂಬ ಮಾತನ್ನು ಅಲಂಕಾರಕ್ಕಾಗಿ ಬಳಸಿದ್ದಲ್ಲ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವನು ಮೊದಲು ಪಾತ್ರೆಯನ್ನು ಉಜ್ಜಿ, ಕಾಯಿಸಿ, ನವಸಾಗರದ ಪುಡಿಯನ್ನು ಎರಚಿ, ತವರವನ್ನು ಅರಳೆಯಿಂದ ಒರೆಸುತ್ತಾನೆ. ನವಸಾಗರವು ಕಾದ ಲೋಹದ ಮೇಲಿನ ಆಕ್ಸೈಡನ್ನು ಕಳೆಯುವುದರಿಂದಲೇ ತವರವು ಅಂಟುತ್ತದೆ. ತಂತಿಯ ಬೆಸುಗೆಯಲ್ಲಿಯೂ ಕಾರ್ಯಕ್ರಮ ಇದೇ. ನವಸಾಗರದ ಸ್ಥಾನದಲ್ಲಿ ದೇವದಾರು ಜಾತಿಯ ಮರಗಳಿಂದ ಬರುವ ರೋಸಿನ್ ಎಂಬ ರಾಳವಿರುತ್ತದೆ. ನವಸಾಗರವನ್ನು ಇಲ್ಲಿ ಉಪಯೋಗಿಸಕೂಡದು. ಪಾತ್ರೆಯನ್ನು ತೊಳೆಯಬಹುದು, ಪ್ಲಗ್ಗಿನ ಒಳಭಾಗವನ್ನು ತೊಳೆಯಲಾಗದು. ಉಳಿದ ಲವಣವು ತಂತಿಯನ್ನು ತಿನ್ನುತ್ತದೆ.

ನೂರಕ್ಕೆ 63 ಪಾಲು ತವರ, 37 ಪಾಲು ಸೀಸ ಇರುವ ಬೆಸುಗೆಲೋಹವು 183 ಡಿಗ್ರಿಯಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುತ್ತದೆ. ಗಟ್ಟಿಯಾಗುವ ಕಾಲದಲ್ಲಿ ಅಲುಗಾಟದಿಂದ ಸಂದು ಕೆಡುವ ಸಂಭವ ಇದರಲ್ಲಿ ಕಡಮೆ. ಐರೋಪ್ಯ ಒಕ್ಕೂಟದ ನಿಯಮವು 2006ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ಸೀಸವಿಲ್ಲದ ಲೋಹಗಳೂ ಬಳಕೆಯಲ್ಲಿ ಹರಡಿವೆ; ತವರ, ಬೆಳ್ಳಿ, ತಾಮ್ರಗಳ ಅಂಥ ಮಿಶ್ರಣವು ಕರಗಲು ಸುಮಾರು 217 ಡಿಗ್ರಿಗಳಿಗಿಂತ ಹೆಚ್ಚು ಶಾಖ ಬೇಕು.

ಕಲಾಯಿಯಾದ ಎಳೆಗಳನ್ನು ಪ್ಲಗ್ಗಿಗೆ ಸೇರಿಸುವುದಕ್ಕೆ ಮೊದಲು ಪ್ಲಗ್ಗಿನ ಕವಚವನ್ನು ತಂತಿಗೆ ಪೋಣಿಸಿಟ್ಟುಕೊಳ್ಳಬೇಕು; ಬೆಸುಗೆ ಮುಗಿದ ಮೇಲೆ ಕವಚವು ಮೇಜಿನ ಮೇಲೆಯೇ ಉಳಿದಿರುವುದನ್ನು ಕಂಡು ಮತ್ತೆ ಎಲ್ಲವನ್ನೂ ಬಿಚ್ಚಿದ ಅನುಭವ ನಮಗುಂಟು. ಪ್ಲಗ್ಗಿನ ಮೊಳೆಗೂ ಮೊದಲೇ ಸ್ವಲ್ಪ ಕಲಾಯಿ ಮಾಡಿರಬೇಕು. ಬಳಿಕ ಎರಡನ್ನೂ ತಾಗಿಸಿ ಎರಡು ಮೂರು ಸೆಕೆಂಡು ಕಾಯಿಸಿದರೆ ಸಾಕು. ಹೆಚ್ಚು ಕಾಯಿಸಿದರೆ ಮೊಳೆಯನ್ನು ಹಿಡಿದಿರುವ ಪ್ಲಾಸ್ಟಿಕ್ ಕರಗಿ ಮೊಳೆ ಓರೆಯಾಗುತ್ತದೆ. ಕೋಲನ್ನು ತೆಗೆದ ಮೇಲೆ ಲೋಹವು ಗಟ್ಟಿಯಾಗುವವರೆಗೆ ಉಸಿರು ಬಿಗಿಹಿಡಿದಂತೆ ಕೈಯನ್ನು ಅಲುಗಿಸದೆ ಇರಬೇಕು. ಒಳ್ಳೆಯ ಸಂದಿನಲ್ಲಿ ಲೋಹವು ತಂತಿಯ ಮೇಲೆ ಹರಡಿ ಅಂಚಿನಲ್ಲಿ ತೆಳ್ಳಗಾಗಿರುತ್ತದೆ. ಕೆಟ್ಟ ಸಂದಿನಲ್ಲಿ ಮಣಿಯಂತೆ ಉಬ್ಬಿ ನಿಂತಿರುತ್ತದೆ. ಎಳೆತವು ಬೆಸುಗೆಯ ಮೇಲೆ ಬೀಳದಂತೆ ತಂತಿಯನ್ನು ಕವಚದ ಬಾಯಲ್ಲಿ ಬಿಗಿಯಬೇಕು.

ಸಂಕೇತದ ಎಳೆಯನ್ನೂ ಹಿಂದಿರುಗುವ ಎಳೆಯನ್ನೂ ಒಟ್ಟಿಗೆ ಹೊಸೆಯುವುದು ಅವಶ್ಯಕ. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಈ ಉಪಾಯಕ್ಕೆ ಸನ್ನದು ಪಡೆದಿದ್ದನು. ಹೊಸೆದ ತಂತಿಯಲ್ಲಿ ಪಕ್ಕಪಕ್ಕದ ಸುರುಳಿಗಳು ಹೊರಗಿನ ಕಾಂತಕ್ಷೇತ್ರದಿಂದ ಪಡೆಯುವ ಪ್ರೇರಣೆಗಳು ಪರಸ್ಪರ ವಿರುದ್ಧವಾಗಿ ಬಹುಮಟ್ಟಿಗೆ ಕಳೆದುಹೋಗುತ್ತವೆ. ಆದರೂ ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆ ಕೇಳಿಬಂದರೆ, ಕೇಬಲ್ಲನ್ನು ಟ್ರಾನ್ಸ್‌ಫಾರ್ಮರುಗಳಿಂದ ದೂರವಿರಿಸಿ, ಅದರ ಮೇಲೆ ಭೂಸಂಪರ್ಕಕ್ಕೆ ಸೇರಿಸಿದ ತಾಮ್ರದ ಜಾಲರಿಯನ್ನು ತೊಡಿಸಬೇಕು.

5. ಪರೀಕ್ಷೆ

ನಾವು ಎಡವಿದುದು ಈ ಘಟ್ಟದಲ್ಲಿ. ನಮ್ಮ ಕೇಬಲ್ಲಿನಲ್ಲಿ ಸಂಕೇತಕ್ಕೆ ಎರಡು ಎಳೆಗಳಿದ್ದುವು, ಒಂದು ಮುರಿದರೂ ಇನ್ನೊಂದು ಇರಲೆಂಬ ಉದ್ದೇಶದಿಂದ. ಎರಡನ್ನೂ ಮೊದಲೇ ತಿರುಚಿ ಒಟ್ಟಿಗೆ ಬೆಸುಗೆ ಹಾಕಿದೆವು. ಮಲ್ಟಿಮೀಟರ್ ಹಿಡಿದಾಗ ಸಂಪರ್ಕವಿದೆಯೆಂದು ಸದ್ದುಮಾಡಿತು, ನಾವು ತೃಪ್ತರಾದೆವು. ವಾಸ್ತವವಾಗಿ ಒಂದು ಎಳೆಯ ಲೇಪವು ಹೋಗಿಯೇ ಇರಲಿಲ್ಲ. ಬೆಸುಗೆಲೋಹವು ಅದನ್ನು ಹೊರಗಿನಿಂದ ಅಪ್ಪಿಕೊಂಡಿತ್ತೇ ಹೊರತು ತಾಮ್ರವನ್ನು ಮುಟ್ಟಿರಲಿಲ್ಲ. ಇನ್ನೊಂದು ಎಳೆಯಲ್ಲಿ ಲೇಪವು ಅರ್ಧ ಮಾತ್ರ ಹೋಗಿತ್ತು. ಕೇಬಲ್ ಸ್ವಲ್ಪ ಬಾಗಿದಾಗ ಆ ಅರ್ಧ ಸಂಪರ್ಕವೂ ತಪ್ಪುತ್ತಿತ್ತು. ಮತ್ತೆ ತಾನಾಗಿಯೇ ಕೂಡುತ್ತಿತ್ತು.

ಸಮಾನಾಂತರವಾದ ಎಳೆಗಳು ಪರಸ್ಪರ ದೋಷವನ್ನು ಮುಚ್ಚುತ್ತವೆಂಬುದು ಇಲ್ಲಿ ಗಮನಿಸತಕ್ಕ ವಿಷಯ. ಒಂದೂವರೆ ಮೀಟರಿನ ಒಂದು ಎಳೆಗೆ 0.53 ಓಮ್, ಎರಡು ಎಳೆಗಳಿಗೆ ಸುಮಾರು 0.26 ಓಮ್ ಇರಬೇಕು. ಈ ಅಂತರವು ಸಾಧಾರಣ ಮಲ್ಟಿಮೀಟರಿನ ಕಡ್ಡಿಗಳಲ್ಲಿಯೇ ಇರುವ ರೋಧದಷ್ಟಾಗುವುದರಿಂದ, ಅದನ್ನು ನೋಡಿ ಎಳೆಗಳೆರಡೂ ಕೂಡಿವೆಯೆಂದು ನಿಶ್ಚಯಿಸಲಾಗದು. ಆದಕಾರಣ ಎಳೆಗಳನ್ನು ತಿರುಚುವುದಕ್ಕೆ ಮೊದಲೇ ಪ್ರತಿಯೊಂದರ ಎರಡು ತುದಿಗಳಿಗೂ ಕಲಾಯಿ ಮಾಡಿ, ಪ್ರತಿಯೊಂದನ್ನೂ ಬೇರೆಯಾಗಿ ಅಳೆಯಬೇಕು. ಒಬ್ಬ ಸಾಕ್ಷಿಯ ಮಾತಿನಿಂದ ಇನ್ನೊಬ್ಬನ ಮಾತು ನಿಜವೆಂದು ಹೇಳದೆ ಪ್ರತಿಯೊಬ್ಬನನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕೆಂಬುದು ನಮ್ಮ ಶಾಸ್ತ್ರದಲ್ಲಿ ಹಳೆಯ ನಿಯಮವೇ ಆಗಿದೆ.

ಎರಡನೆಯದಾಗಿ, ಸಂಕೇತದ ಎಳೆಗೂ ಹಿಂದಿರುಗುವ ಎಳೆಗೂ ನಡುವೆ ಸಂಪರ್ಕವಿಲ್ಲವೆಂಬುದನ್ನು ನೋಡಬೇಕು. ಹೊಸೆಯುವಾಗ ಲೇಪವು ಸವೆದು ಎರಡೂ ತಾಗುವುದುಂಟು. ಮೂರನೆಯದಾಗಿ, ಮಲ್ಟಿಮೀಟರ್ ಹಿಡಿದಿರುವಾಗಲೇ ಎರಡು ಪ್ಲಗ್ಗುಗಳ ಬಳಿಯಲ್ಲಿಯೂ ಕೇಬಲ್ಲನ್ನು ಎಲ್ಲ ದಿಕ್ಕುಗಳಿಗೂ ಬಾಗಿಸಿ ನೋಡಬೇಕು. ನಾಲ್ಕನೆಯದಾಗಿ, ಬೆಲೆಯಿಲ್ಲದ ಒಂದು ಕ್ಯಾಸೆಟ್ಟನ್ನು ಅರ್ಧ ಗಂಟೆ ನುಡಿಸಿ ವರ್ಗಾಯಿಸಿ, ಎಲ್ಲಿಯಾದರೂ ಸದ್ದು ಕಡಿದಿದೆಯೇ ಎಂದು ಪರಿಶೀಲಿಸಬೇಕು. ಹಳೆಯ ಪಟ್ಟಿಯು ಎಷ್ಟು ಸಲ ನುಡಿಸುವುದನ್ನು ತಾಳುತ್ತದೆಂಬುದು ಯಾರಿಗೂ ತಿಳಿಯದು; ಕೇಬಲ್ಲಿನ ಪರೀಕ್ಷೆಯನ್ನು ಅದರ ಮೇಲೆ ಮಾಡತಕ್ಕದ್ದಲ್ಲ.

6. ಎಚ್ಚರಿಕೆಗಳು

ಪಾಲಿಯುರಿಥೇನ್ ಲೇಪವು ಶಾಖಕ್ಕೆ ಒಡೆಯುವಾಗ ಐಸೊಸಯನೇಟ್ ವರ್ಗದ ಅನಿಲಗಳು ಹೊರಬರುತ್ತವೆ. ಇವೂ ರೋಸಿನ್ನಿನ ಹೊಗೆಯೂ ಶ್ವಾಸಕೋಶಕ್ಕೆ ಕೆಡಕು. ಉಬ್ಬಸದವರು ಈ ಕೆಲಸದಿಂದ ದೂರವಿರುವುದೇ ಲೇಸು. ಕಿಟಕಿಯನ್ನು ತೆರೆದು, ಹೊಗೆಯು ಮುಖದಿಂದ ಆಚೆಗೆ ಹೋಗುವಂತೆ ಫ್ಯಾನಿಟ್ಟುಕೊಂಡು ಕೆಲಸಮಾಡಬೇಕು. ಸೀಸವಿರುವ ಲೋಹವನ್ನು ಮುಟ್ಟಿದ ಕೈಯನ್ನು ತೊಳೆಯದೆ ಆಹಾರವನ್ನು ಮುಟ್ಟಬಾರದು. ಪ್ಲಗ್ಗುಗಳನ್ನು ತೆಗೆಯುವಾಗಲೂ ಹಾಕುವಾಗಲೂ ಯಂತ್ರಗಳನ್ನು ಆರಿಸಿರಬೇಕು.

7. ಉಪಸಂಹಾರ

ಕಲಾವಿಭಾಗದ ಅಧ್ಯಾಪಕರಿಗೆ ಇಂಥ ಕೆಲಸ ಹೇಳಿಸಿದ್ದಲ್ಲವೆಂಬ ಭಾವನೆಗೆ ಆಧಾರವಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವನ್ನು ಆರಂಭಿಸಿದರು. "ಆಕಾಶವಾಣಿ" ಎಂಬ ಹೆಸರು ಮೊದಲು ಆ ಕೇಂದ್ರದ್ದು. ಅವರ ಸಾಹಸದ ಮುಂದೆ ಒಂದು ಕೇಬಲ್ಲಿನ ಬೆಸುಗೆ ಅಲ್ಪವಾದುದು.

ಮೇಲ್ಕಂಡ ಪ್ರಸಂಗವಾದ ಮೇಲೆ ನಾವು ಎರಡು ನಿಯಮಗಳನ್ನು ಇಟ್ಟುಕೊಂಡಿದ್ದೇವೆ. ವರ್ಗಾಯಿಸಿದ ಪ್ರತಿಯೊಂದು ಧ್ವನಿಮುದ್ರಿಕೆಯ ಜೊತೆಗೆ, ಯಾವ ಯಂತ್ರದಿಂದ, ಯಾವ ಕೇಬಲ್ಲಿನಿಂದ, ಯಾವ ದಿನ ವರ್ಗಾಯಿಸಿತೆಂಬುದನ್ನೂ ಕೇಬಲ್ಲಿನ ಪರೀಕ್ಷೆಯ ಫಲವನ್ನೂ ಬರೆದಿಡುತ್ತೇವೆ. ಲಿಖಿತ ಪ್ರತಿಯಲ್ಲಿ "ಮೌನ" ಎಂದು ಬರೆಯುವುದಕ್ಕೆ ಮೊದಲು ಆ ಸ್ಥಳದಲ್ಲಿ ಪಟ್ಟಿಯ ಸದ್ದು ಇದೆಯೇ, ಕೋಣೆಯ ಸದ್ದು ಇದೆಯೇ ಎಂದು ಕಿವಿಗೊಟ್ಟು ಕೇಳುತ್ತೇವೆ. ಮನುಷ್ಯರು ಸುಮ್ಮನಾದಾಗಲೂ ಪಟ್ಟಿಯು ಉಸಿರಾಡುತ್ತಿರುತ್ತದೆ. ಎಲ್ಲೋ ಕಾಗೆ ಕೂಗುತ್ತದೆ, ಬಾಗಿಲು ಕಿರುಗುಟ್ಟುತ್ತದೆ. ಇವು ಯಾವುವೂ ಇಲ್ಲದ ನಿಶ್ಶಬ್ದವು, ಅಥವಾ ಇವುಗಳ ಬದಲಿಗೆ ಗುಂಯ್ ಎಂಬ ಸದ್ದು ಮಾತ್ರ ಇರುವ ಸ್ಥಳವು, ತಂತಿಯದೆಂದು ಶಂಕಿಸಿ ಪಟ್ಟಿಯನ್ನು ಬೇರೊಂದು ಕೇಬಲ್ಲಿನಿಂದ ಮತ್ತೊಮ್ಮೆ ನುಡಿಸಿ ನೋಡತಕ್ಕದ್ದು.

ಆ ವೃದ್ಧೆಯ ಮಾತುಗಳನ್ನು ಈಗ ಪೂರ್ಣವಾಗಿ ಲಿಖಿತ ಪ್ರತಿಯಲ್ಲಿ ಸೇರಿಸಿದ್ದೇವೆ. ಮೌನವನ್ನು ಕುರಿತು ಬರೆದಿದ್ದ ಪುಟವನ್ನು ತೆಗೆದುಹಾಕಿದ್ದೇವೆ. ಹಳೆಯ ಕೇಬಲ್ಲನ್ನು ಮಾತ್ರ ಎಸೆದಿಲ್ಲ. ಅದನ್ನು ವಿಭಾಗದ ಕಪಾಟಿನಲ್ಲಿ ಚೀಟಿ ಕಟ್ಟಿ ಇರಿಸಿದ್ದು, ವರ್ಗಾವಣೆಯ ಕೆಲಸಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಅದನ್ನು ಕೈಗೆ ಕೊಟ್ಟು, ದೋಷವೆಲ್ಲಿದೆಯೆಂಬುದನ್ನು ಅವರೇ ಕಂಡುಹಿಡಿಯಲೆಂದು ಬಿಡುತ್ತೇವೆ.